ಎಳ್ಳಿನಷ್ಟು

ಹಲಕುಂದಿ ಗುಡ್ಡದ ಬಗಲಿಗೆ, ಬೆಳಗಿನ ಆರೂವರೆ.
ಬಂಡೆ ಇನ್ನೂ ಕಾದಿಲ್ಲ.
ಇಪ್ಪತ್ತೈದು ಮೀಟರಿನ ಆಚೆ ರಟ್ಟು,
ರಟ್ಟಿನ ಮ್ಯಾಲೆ ಹೊನ್ನೂರಬೀಯ ಐದು ತೂತು:
ಒಂದು ಆಂಧ್ರದ ಕಡೆ, ಒಂದು ಸಂಡೂರಿನ ಕಡೆ,
ಉಳಿದ ಮೂರಕ್ಕೆ ಊರೇ ಇಲ್ಲ.

"ಉಸಿರು ಹಿಡಿಯೋಕೆ ಬರಲ್ಲ ಇವಳಿಗೆ," ಅಂದರು ಸುಬೇದಾರ್ ಸಾಹೇಬರು,
"ಟ್ರಿಗರ್ ಎಳೀತಾಳೆ, ಒತ್ತಲ್ಲ."
ಮೂರು ಕ್ಯಾಂಪಿನಿಂದ ಇದೇ ಮಾತು.
ಹುಡುಗಿ ನೆಲ ನೋಡಿದಳು.
ಮೊಳಕೈಗೆ ಮರಳು ಅಂಟಿತ್ತು.

ನಾನು ಹತ್ತೊಂಬತ್ತನೇ ನಂಬರಿನ ರೈಫಲ್ ಕೇಳಿ ಇಸಗೊಂಡೆ.

ಮೊದಲು ಬೋಲ್ಟು ತೆಗೆದೆ.
ಖಾಲಿ ಐತಿ ಅಂತ ಕಣ್ಣು ಹೇಳಿದರೂ
ಕಿರುಬೆರಳ ತುದಿ ಇಟ್ಟು ಇನ್ನೊಮ್ಮೆ ಕೇಳಿದೆ.
ಮಾಸಿಲಾಮಣಿ ಮೇಸ್ತ್ರಿ ಕಲಿಸಿದ್ದು ಇದು,
ಕೌಲ್ ಬಜಾರಿನ ಆ ಕತ್ತಲೆ ಅಂಗಡಿಯಾಗ:
"ಕಣ್ಣು ಸುಳ್ಳು ಹೇಳುತ್ತೆ ಮಗನೇ,
ಬೆರಳಿಗೆ ಅಷ್ಟು ಜಾಣತನ ಇಲ್ಲ."

ಸೈಟು ನೋಡಿದೆ, ಅಲುಗಿಲ್ಲ.
ಕಟ್ಟಿಗೆ ನೋಡಿದೆ. ಬಳ್ಳಾರಿ ಬಿಸಿಲಿಗೆ ಯಾವ ಕಟ್ಟಿಗೆ ಸೊರಗಲ್ಲ?
ಅಡಿಯ ಎರಡು ಸ್ಕ್ರೂ ಅರ್ಧರ್ಧ ಸುತ್ತು ತಿರುಗಿದವು.
ಇದೇ ಇರಬೇಕು ಅಂದುಕೊಂಡೆ. ಬಿಗಿದೆ.
ಐದು ಗುಂಡು. ಮತ್ತೆ ಐದು ದಿಕ್ಕು.
ಸಾಹೇಬರು ಚಾ ಕುಡೀತಾ ನಕ್ಕರು.

ಮನೆಯಾಕೆಯ ನೇಲ್ ಪಾಲಿಶ್ ಸೀಸೆ
ನನ್ನ ಪೆಟ್ಟಿಗೆಯಾಗ ಯಾವಾಗಲೂ ಇರ್ತದೆ.
ನಳಿಗೆ ಮುಗಿದು ಗೂಡು ಶುರುವಾಗೋ ಸಂದಿಗೆ
ಎರಡನ್ನೂ ತಾಗುವಂಗ ಒಂದು ಕೆಂಪು ಗೆರೆ ಎಳೆದೆ.
ಆರಲಿ ಅಂತ ಊದಿದೆ,
ಮದುವೆ ಹೆಣ್ಣಿನ ಉಗುರಿಗೆ ಊದಿದಂಗ.
"ಇಪ್ಪತ್ತು ಹೊಡಿಯವ್ವಾ. ಗುರಿ ಬ್ಯಾಡ, ಸುಮ್ಮನೆ ದಿಬ್ಬಕ್ಕೆ ಹೊಡಿ."

ಹೊಡೆದಳು.
ಗೆರೆ ಮುರಿದಿತ್ತು.
ಗೂಡಿನ ಮ್ಯಾಲಿನ ತುಂಡು ಇದ್ದಲ್ಲೇ,
ನಳಿಗೆಯ ತುಂಡು ಎಡಕ್ಕ,
ಜೀರಿಗೆಯಷ್ಟೂ ಅಲ್ಲ,
ಎಳ್ಳಿನಷ್ಟು.

ಮಧ್ಯಾಹ್ನ, ಆರ್ಮರಿಯ ತಗಡಿನ ಕೆಳಗೆ,
ಹಳೇ ಚಪ್ಪಲಿಯ ಚರ್ಮ ಹೊದಿಸಿದ ವೈಸಿಗೆ ನಳಿಗೆ ಕಚ್ಚಿಸಿದೆ.
ಸ್ಪ್ಯಾನರಿಗೆ ಕೈ ಚಾಚೋದರಾಗ
ಉಪ್ಪಿನಕಾಯಿ ಜಾಡಿಯ ಮುಚ್ಚಳದಂಗ
ಗೂಡು ತಾನೇ ತಿರುಗಿ ಕೈಗೆ ಬಂತು.
ತಿರುಪಿನ ಎಳೆ ಎಳೆಗೂ ಗಣಿಯ ಕೆಂಪು ಧೂಳು.
ಸೀಮೆಎಣ್ಣೆ, ಹಲ್ಲುಜ್ಜೋ ಬ್ರಶ್ಶು.
ಆಮೇಲೆ, ಭುಜದ ಹತ್ತಿರ, ಏನೋ ಬೆಳ್ಳಗೆ.

ಚಿಮಟ ಹಾಕಿ ಎಳೆದೆ.
ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ,
ಮೂರು ಮಡಿಕೆ,
ಉಂಗುರದಂಗ ಕತ್ತರಿಸಿದ್ದು.
ಆ ಕತ್ತರಿ ಹಿಡಿದ ಕೈ ನಂಗೆ ಗೊತ್ತು.

ತೊಂಬತ್ತೆಂಟನೇ ಇಸವಿ. ಮರುದಿನ ಇನ್‌ಸ್ಪೆಕ್ಷನ್.
ಆಗ ನಾನು ಸೇದುತ್ತಿದ್ದೆ.
ಒಂದು ವಾರಕ್ಕೆ ಸಾಕು ಅಂದುಕೊಂಡಿದ್ದೆ.
ಆ ವಾರ ಇಪ್ಪತ್ತು ಚಿಲ್ಲರೆ ವರ್ಷ ನಡೀತು.
ಎಷ್ಟು ಮಕ್ಕಳ ಉಸಿರಿಗೆ ಬೈಗುಳ ಬಿತ್ತೋ.

ಕಾಗದ ಕಿಸೆಗೆ ಹಾಕ್ಕೊಂಡೆ.
ಉಕ್ಕಿನ ತೆಳ್ಳನೆ ಹಾಳೆಯಾಗ ಉಂಗುರ ಕೊರೆದೆ,
ಉಜ್ಜಿದೆ, ಕೂರಿಸಿದೆ, ತೆಗೆದೆ, ಮತ್ತೆ ಉಜ್ಜಿದೆ.
ಕೊನೇ ತಿರುವಿಗೆ ನಳಿಗೆ ಕಿರ್ ಅಂದು ಬಾಯಿ ಮುಚ್ಚಿತು.
ಬೋಲ್ಟು ಒಂದು ಗೇಜಿಗೆ ಹೂಂ ಅಂತು,
ಇನ್ನೊಂದಕ್ಕೆ ಒಲ್ಲೆ ಅಂತು. ಹಂಗೇ ಇರಬೇಕು.
ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದೆ:
ನಿನ್ನೆ ಡಬ್ಬಿ, ಇವತ್ತು ಗಂಟೆ.

ಮರುದಿನ ನಾಲ್ಕು ಗುಂಡು
ಒಂದು ರೂಪಾಯಿ ಬಿಲ್ಲೆ ಇಟ್ಟರೆ ಮುಚ್ಚುವಂಗ ಕೂತವು.
ಐದನೇದು ಎರಡು ಬೆರಳು ಕೆಳಗ.
ನನ್ನ ಎದಿ ಧಸಕ್ ಅಂತು,
ರೈಫಲಿಗೆ ಕೈ ಚಾಚಿದೆ.
"ಬ್ಯಾಡ ಕಾಕಾ," ಅಂದಳು ಹೊನ್ನೂರಬೀ,
"ಅದು ನಂದು. ಕೆಮ್ಮು ಬಂತು."
ಕಿವಿಯೋಲೆ ಕಳೆದಿದ್ದು ಸಿಕ್ಕವರಂಗ ಅಂದಳು:
ಅದು ನಂದು.

"ಏನಾಗಿತ್ತು ಹುಲಿಗೆಪ್ಪಾ ಇದಕ್ಕೆ?" ಸಾಹೇಬರು ಕೇಳಿದರು.
ಕಿಸೆಯಾಗ ಬೆಳ್ಳಿ ಕಾಗದ ಸರಬರ ಅಂತು.
"ಸಡಿಲಾಗಿತ್ತು ಸಾರ್," ಅಂದೆ.