ಮೀನಿನ ಡ್ರಮ್ಮು

ಹೊಸ ಪ್ಯಾಂಟನ್ನು ಹಳತು ಮಾಡುವುದು ನನ್ನ ಕೆಲಸ.
ಗಾಳಿ ತುಂಬಿದ ರಬ್ಬರಿನ ಕಾಲಿಗೆ ತೊಡಿಸಿ
ತೊಡೆಗೆ ಇಷ್ಟು, ಮಂಡಿಗೆ ಇಷ್ಟು
ನೇರಳೆ ನೀರು ಊದುತ್ತೇನೆ.
ಯಾರೋ ನಾಲ್ಕು ವರ್ಷ ತೊಟ್ಟು, ಕೂತು, ಎದ್ದು ಸವೆಸಿದ್ದು
ನಾಲ್ಕು ನಿಮಿಷದಲ್ಲಿ ಸವೆಯಬೇಕು.
ಪೀಸಿಗೆ ಒಂದೂವರೆ ರೂಪಾಯಿ.

'ಏನು ಊದ್ತೀಯಪ್ಪ?' ಎಂದರು ಡಾಕ್ಟರು
ಕಂದಿದ ಉಗುರು ನೋಡುತ್ತ.
'ನೀರು ಸಾರ್.'
'ಎಂಥ ನೀರು?'
'ನೇರಳೆ ನೀರು.'
ಚೀಟಿಯಲ್ಲಿ ಅದರ ಹೆಸರಿಗೆ ಬಿಟ್ಟ ಜಾಗ
ಖಾಲಿ ಉಳಿಯಿತು. ಕೆಮ್ಮಿಗೊಂದು ಸೀಸೆ ಸಿಕ್ಕಿತು.

ಮುಂಡ್ರಿಗಿ ಶೆಡ್ಡಿನಲ್ಲಿ ಮೇಸ್ತ್ರಿ ರುದ್ರಮುನಿಯನ್ನು ಕೇಳಿದೆ.
'ಹೆಸರು ತಗಂಡು ಏನ್ ಮಾಡ್ತೀಯಲೇ,
ತೊಟ್ಲಾಗ ಹಾಕ್ತೀಯೇನು?'
ಎಲ್ಲರೂ ನಕ್ಕರು. ನಾನೂ ನಕ್ಕೆ,
ನಗು ಅರ್ಧಕ್ಕೇ ಕೆಮ್ಮಾಯಿತು.
ಇನ್‌ಸ್ಪೆಕ್ಟರ್ ಬಂದ ದಿನ
ಹದಿನೇಳು ಮಂದಿಗೆ ಹದಿನೇಳು ಮಾಸ್ಕು.
ಜೀಪು ಗೇಟು ದಾಟಿದ ಮೇಲೆ
ಎಣಿಸಿ ವಾಪಸ್ಸು ತಗೊಂಡರು.
ಒಂದು ಕಡಿಮೆ ಬಿತ್ತು,
ಹೊನ್ನೂರವಲಿಯ ಕೂಲಿಯಲ್ಲಿ ಹಿಡಿದರು.

ಕೌಲ್‌ಬಜಾರಿನ ನಮ್ಮ ಓಣಿಗೆ
ನಳ ಬರುವುದು ಹನ್ನೊಂದು ದಿನಕ್ಕೊಮ್ಮೆ.
ಬಂದ ರಾತ್ರಿ ನಿದ್ದೆಯಿಲ್ಲ: ಕೊಡ, ಬಕೀಟು, ಪಾತೇಲಿ,
ಕೊನೆಗೆ ಮೀನಿನ ಡ್ರಮ್ಮು.
ಶೆಡ್ಡಿನವರೇ ಕೊಟ್ಟದ್ದು, ಇನ್ನೂರೈವತ್ತಕ್ಕೆ,
ದೀಪಾವಳಿ ಬೋನಸ್ಸಿನಲ್ಲಿ ಮುರಿದುಕೊಂಡು.
ಹುಲಿಗೆಮ್ಮ ಬೂದಿ, ಹುಣಸೆಹಣ್ಣು ಹಚ್ಚಿ ಮೂರು ದಿನ ತಿಕ್ಕಿದಳು.
ಚೀಟಿಯ ಮೂಲೆಯೊಂದು ಬಿಡಲೇ ಇಲ್ಲ:
ಒಂದು ಮೀನು, ಒಂದು ಗಿಡ.
'ಮೀನು ಸಾಕೋರ ಡ್ರಮ್ಮಿರಬೇಕು,
ಚೊಲೊ ಆತು ಬಿಡು' ಅಂದಿದ್ದಳು.

ಹೋದ ವಾರ ಚಿಕ್ಕವಳು ಅದರ ಮೇಲೆ ಬೆರಳಿಟ್ಟಳು:
'ಅಪ್ಪಾ, ಮೀನ್ಯಾಕೆ ಹೊಟ್ಟೆ ಮ್ಯಾಲೆ ಮಾಡಿ ಮಲಗೈತೆ?
ಗಿಡಕ್ಕೆ ಒಂದೂ ಎಲೆ ಇಲ್ಲ.'

ಅವಳ ಕೈಯಲ್ಲಿ ನೀರಿನ ಲೋಟ ಇತ್ತು.

ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿ
ಊಟದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡು ಹೋದೆ.
ಚಹಾದ ಹೊತ್ತಿಗೆ ನಡುವೆ ಇಟ್ಟೆ.
'ಯಾರ್ಯಾರ ಮನ್ಯಾಗ ಐತೆ ಈ ಡ್ರಮ್ಮು?'
ಈ ಸಲ ಯಾರೂ ನಗಲಿಲ್ಲ.
ಹೊನ್ನೂರವಲಿ ಕಪ್ಪು ಕೆಳಗಿಟ್ಟ:
'ನಮ್ಮದ್ರಾಗ ಮೀನಿಲ್ಲ. ಅಕ್ಷರ ಅದಾವ,
ಮ್ಯಾಲಿನ ಒಂದು ಸಾಲು.'
'ನಮ್ಮದ್ರಾಗ ಕೆಳಗಿಂದು' ಅಂದ ಎರ್ರಿಸ್ವಾಮಿ,
ಇಷ್ಟು ವರ್ಷ ಯಾವುದಕ್ಕೂ ಬಾಯಿ ಬಿಡದವನು.

ನಾಳೆ ತರುತ್ತಾರೆ. ಜೋಡಿಸಿ ಓದಬೇಕು.

ಹುಲಿಗೆಮ್ಮ ಡ್ರಮ್ಮನ್ನು
ಅಂಗಳದಲ್ಲಿ ಬೋರಲು ಹಾಕಿದ್ದಾಳೆ.
ನಳ ಬರಲು
ಇನ್ನೂ ಆರು ದಿನ.