ಹನ್ನೊಂದು ಪಾಯಿಂಟು

ಗೋಡಿ ಬಿದ್ದು ಮೂರು ದಿನಾತು.
ಅಡಗಿ ಮನಿ ಎಲ್ಲಿ ಮುಗೀತದ,
ಊಟದ ಮನಿ ಎಲ್ಲಿ ಸುರು ಆಗತದ ಅಂತ
ನೆಲದ ಮ್ಯಾಗಿನ ಸುಣ್ಣದ ಗೆರಿಗಷ್ಟ ಗೊತ್ತು.
ಆ ಗೆರಿ ತುಳಕೋತ ಬಂದ ಲಾಡ್ಲೇಸಾಬ,
ಕಿವಿಗೆ ಪೆನ್ಸಿಲ್, ಕಿಸೆದಾಗ ಟೆಸ್ಟರ್.
ಜಲನಗರದ ಅರ್ಧ ಮನಿಗಳ ಬೆಳಕು
ಅವನ ಕೈಯಾಗ ಹಾದು ಹೋಗೇದ.

ದೀಪ ಎಲ್ಲಿ ಬೇಕ್ರಿ ಅಂತ ಕೇಳತಾನ ಅಂದಕೊಂಡಿದ್ದೆ.
"ನೀವ್ ಎಲ್ಲಿ ನಿಂದರತೀರಿ ಅಕ್ಕಾರ?" ಅಂದ.

ಇಪ್ಪತ್ತಾರು ವರ್ಷಾತು ಈ ಮನಿಗೆ ಬಂದು.
ಏನ್ ಅಡಗಿ, ಎಷ್ಟ ಮಂದಿಗೆ, ಉಪ್ಪ ಯಾಕ ಕಡಿಮಿ,
ಎಲ್ಲಾ ಕೇಳ್ಯಾರ.
ನಿಂದರೋ ಜಾಗಾ ಯಾರೂ ಕೇಳಿದ್ದಿಲ್ಲ.
ನಿಂತು ತೋರಿಸಿದೆ. ಒಲಿ ಇಲ್ಲಿ. ಸಿಂಕ್ ಇಲ್ಲಿ.
ರೊಟ್ಟಿ ಬಡಿಯೂದು ಈ ಕಟ್ಟಿ ಮ್ಯಾಲ,
ಎಡಕ ಹಿಟ್ಟಿನ ಪರಾತ, ಬಲಕ ನೀರಿನ ತಂಬಿಗಿ.

ಅವ ಸ್ಟೂಲ್ ಹತ್ತಿ, ಮೊಬೈಲ್ ಟಾರ್ಚ್ ಹಚ್ಚಿ
ಹಳೇ ಬಲ್ಬ್ ಇದ್ದ ಜಾಗಾದಾಗ ಹಿಡದ.
"ಈಗ ಕೈ ನೋಡ್ರಿ."
ಕೈ ಕಾಣಲಿಲ್ಲ. ನನ್ನ ತಲಿ ಕಂಡಿತು,
ಕಟ್ಟಿ ತುಂಬ, ಕರ್ರಗ, ತುರುಬಿನ ಸಮೇತ.
ಅಂದ್ರ ಇಷ್ಟ ವರ್ಷ
ನನ್ನ ನೆರಳಿನ್ಯಾಗ ನಾನ ರೊಟ್ಟಿ ಬಡದೇನಿ.
ಅಂಚಿಗೆ ಹರದ ರೊಟ್ಟಿ, ಒಂದ ಮಗ್ಗಲ ದಪ್ಪಾದ ರೊಟ್ಟಿ,
ಬ್ಯಾಳ್ಯಾಗ ಉಳದ ಹರಳು.
ಕೈಗುಣ ಅಂತಿದ್ದರು ಅತ್ತಿ.
ಬಲ್ಬಿನ ಗುಣ ಅದು.

"ಬೆಳಕ ಬೆನ್ನಿಗೆ ಬ್ಯಾಡ್ರಿ, ಎದಿ ಮುಂದ ಇರಲಿ"
ಅಂತ ಕಪಾಟಿನ ಹೊಟ್ಟಿ ಕೆಳಗ ಉದ್ದಕ ಗೆರಿ ಎಳದ.
ಸಿಂಕಿಗೊಂದು. ಕೊತ್ತಂಬ್ರಿ ಹೆಚ್ಚೂದಕ್ಕೊಂದು.
"ಬೆಳ್ಳನ ಬೆಳಕಿನ್ಯಾಗ ಪಲ್ಯಾ ಹೆಣದ ಬಣ್ಣ ಕಾಣತದ,
ಹಳದಿ ಹಾಕಿದ್ರ ಅರಿಷಿಣ ಬಿದ್ದದೋ ಇಲ್ಲೋ ತಿಳ್ಯೂದಿಲ್ಲ.
ನಡಬರಕ ಒಂದು ಬರತದ್ರಿ,
ಇಲ್ಲಿ ಸಿಗದಿದ್ರ ಸೊಲ್ಲಾಪುರದಿಂದ ತರತೇನಿ."

ಟೇಬಲ್ ಇನ್ನೂ ಬಂದಿದ್ದಿಲ್ಲ.
ಸಿಮೆಂಟ್ ಚೀಲ ನಾಕು ಒಟ್ಟಿ ಟೇಬಲ್ ಅಂದ್ವಿ.
ಸುತಳಿಗೆ ನನ್ನ ಸ್ಟೀಲ್ ಬೋಗುಣಿ ಬೋರಲ ಕಟ್ಟಿ
ಛತ್ತಿನ ಕೊಕ್ಕಿಯಿಂದ ಇಳಿಬಿಟ್ಟು, ಒಳಗ ಟಾರ್ಚ್ ಸಿಗಿಸಿದ.
ಇವರು ಬಂದು ಕುಂತರು. "ಕಣ್ಣಿಗೆ ಹೊಡೀತದ." ಇಳಸಿದ.
ಸುಗಲಾ ಎದ್ದಳು, ತಲಿಗೆ ಠಣ್ ಅಂತು. ಏರಿಸಿದ.
ಒಂದ ಗೇಣು, ನಾಕ ಬಟ್ಟು, ಮತ್ತ ಎರಡು ಬಟ್ಟು.
ಮುಖ ಕಾಣಬೇಕು, ದೀಪ ಕಾಣಬಾರದು,
ಅಂಥಾದೊಂದು ಎತ್ತರಕ್ಕ ಬೋಗುಣಿ ನಿಂತಿತು.

ಅದರ ಕೆಳಗ ಇವರ ಮುಖ
ನನ್ನ ಕಟ್ಟಿಯಿಂದ ನೆಟ್ಟಗ ಕಂಡಿತು.
ಬಿಸಿ ರೊಟ್ಟಿ ಗೋಡಿ ದಾಟಿ ಹೋಗತಿತ್ತು, ಖಾಲಿ ತಾಟ ಬರತಿತ್ತು.
ಉಣ್ಣುವಾಗ ಹ್ಯಾಂಗ ಕಾಣತಾರ ಇವರು,
ಗೊತ್ತಾಗೂದು ಇನ್ನ ಮ್ಯಾಲ.

ಅಂದ್ರ ಅವರಿಗೂ ನಾ ಕಾಣತೇನಿ.

ಫ್ರಿಜ್ಜಿನ ಆಚೆ ಒಂದು ಮೂಲಿ ಅದ,
ಒಂದ ಮಣಿ ಹಿಡಿಸೂವಷ್ಟು.
ಎಲ್ಲಾರ ಊಟಾ ಆದಮ್ಯಾಲ ಅಲ್ಲಿ ಕಾಲ ಚಾಚಿ
ಶೇಂಗಾ ಹಿಂಡಿಗೆ ಮೊಸರ ಕಲಿಸಿ ತಣ್ಣನ ರೊಟ್ಟಿ ತಿಂತೇನಿ.
ಕೆಲವೊಮ್ಮೆ ಬೆಲ್ಲ, ಡಾಕ್ಟರ್ ಬ್ಯಾಡ ಅಂದದ್ದು.
ಕೆಲವೊಮ್ಮೆ ಬೈತೇನಿ. ಇಂಥವರಿಗೆ ಅಂತಿಲ್ಲ.

ಲಾಡ್ಲೇಸಾಬ ಅಲ್ಲಿಗೂ ಪೆನ್ಸಿಲ್ ಒಯ್ದ.
"ಇಲ್ಲೊಂದು ಕೊಡತೇನ್ರಿ, ಕತ್ತಲಾಗತದ."
"ಬ್ಯಾಡ."
"ಬರೇ ಝೀರೋ ಬಲ್ಬ್?"
"ಬ್ಯಾಡಪಾ."
ಅವ ಮೂಲಿ ನೋಡಿದ, ನನ್ನ ನೋಡಿದ,
ಇವರ ಕಡೆ ನೋಡಲಿಲ್ಲ.
ಗೋಡಿಗೆ ಸಣ್ಣದೊಂದು ಕಾಟು ಹೊಡದು
ಪೆನ್ಸಿಲ್ ಕಿವಿಗೆ ಸಿಗಿಸಿದ.

ಸಂಜಿಗೆ ಇವರ ಕೈಯಾಗ ಚೀಟಿ.
ಹನ್ನೊಂದು ಪಾಯಿಂಟು, ಹತ್ತಕ್ಕಷ್ಟ ರೇಟು.
"ಹನ್ನೊಂದನೇದು ಎಲ್ಲದ?"
"ಹುಡುಕ್ರಿ" ಅಂದೆ.
ಕರೆಂಟ್ ಹೋತು.
ಟಾರ್ಚ್ ಹಿಡಕೊಂಡು
ಇವರು ಇನ್ನೂ ಗೋಡಿ ಎಣಸಲಿಕ್ಕತ್ತಾರ.