ಪಡುಬಿದ್ರಿ ಸ್ಟಾಪು

ಇಪ್ಪತ್ತೆರಡು ವರ್ಷ ಆಯಿತು ಈ ಫುಟ್‌ಬೋರ್ಡಿನಲ್ಲಿ.
ಸ್ಟೇಟ್‌ಬ್ಯಾಂಕಿನಿಂದ ಮಣಿಪಾಲ, ಅಲ್ಲಿಂದ ತಿರುಗಿ ಸ್ಟೇಟ್‌ಬ್ಯಾಂಕು,
ದಿನಕ್ಕೆ ಮೂರು ಟ್ರಿಪ್ಪು.
ಎರಡೂ ಕಾಲೇಜಿನ ಸ್ಟಾಪು ನನಗೆ ಗೊತ್ತು,
ಒಳಗೆ ಎಂತ ಉಂಟು ಅಂತ ಗೊತ್ತಿಲ್ಲ.
ಕಾಲೇಜು ಅಂದರೆ ನನಗೆ ಒಂದು ವಿಸಿಲ್, ಅರ್ಧ ನಿಮಿಷ,
ಇಳೀರಿ ಇಳೀರಿ, ಬ್ಯಾಗು ಮುಂದೆ ಹಿಡ್ಕೊಳ್ಳಿ,
ಮತ್ತೆ ರೈಟ್ ಪೋಯಿ.

ಸುರತ್ಕಲ್ಲಿನ ಮಕ್ಕಳು ಚಪ್ಪಲಿಯಲ್ಲಿ ಹೊಯಿಗೆ ತರುತ್ತಾರೆ.
ರಾತ್ರಿ ಶೆಡ್ಡಿನಲ್ಲಿ ಗುಡಿಸುವಾಗ
ಮೂರನೇ ಸೀಟಿನ ಅಡಿಯಲ್ಲಿ ಒಂದು ಹಿಡಿ ಕಡಲ ಕರೆ.
ಮಣಿಪಾಲದವರು ಐನೂರರ ನೋಟು ತರುತ್ತಾರೆ,
ಚಿಲ್ಲರೆ ಇಲ್ಲ ಎಂದರೆ ನನಗಿಂತ ಮೊದಲು ಅವರಿಗೇ ನಾಚಿಕೆ.
"ಅಣ್ಣಾ, ಆಮೇಲೆ ಕೊಡಿ."
ಕೆಲವರಿಗೆ ಕೊಟ್ಟಿದ್ದೇನೆ, ಕೆಲವರು ಮರೆತು ಇಳಿದರು.
ಒಬ್ಬನ ನಾನೂರ ಅರವತ್ತು ರೂಪಾಯಿ
ಇವತ್ತಿಗೂ ನನ್ನ ಅಂಗಿಯ ಒಳಕಿಸೆಯಲ್ಲಿ.
ಅವನು ಪಾಸಾಗಿ ಹೋಗಿರಬಹುದು.

ಈಗ ಜೊವಿಟಾಳಿಗೆ ಎರಡೂ ಕಡೆ ಸೀಟು.
ಕಡಲ ಬದಿಯಲ್ಲಿ ಮೆಟಲರ್ಜಿ, ಗುಡ್ಡದ ಮೇಲೆ ಕಂಪ್ಯೂಟರು.
ನಾಳೆ ಸಂಜೆ ಐದರೊಳಗೆ ಒಂದನ್ನು ಬಿಡಬೇಕು.
ಗುಡ್ಡದ ಫೀಸಿನ ಸೊನ್ನೆಗಳನ್ನು
ಟಿಕೆಟು ಎಣಿಸುವ ಬೆರಳಿನಲ್ಲೇ ಎಣಿಸಿದೆ.
ಒಮ್ಮೆ ಐದು ಬಂತು, ಒಮ್ಮೆ ಆರು.
ಆರೇ ಸರಿ ಎಂದಳು, ನಾಲ್ಕು ವರ್ಷದ್ದು ಒಟ್ಟಿಗೆ.
ಸೊಸೈಟಿಯ ಮ್ಯಾನೇಜರು ಸಾಲ ಉಂಟು ಎನ್ನುತ್ತಾರೆ,
ಮನೆಯ ಹಕ್ಕುಪತ್ರ ಕೇಳುವಾಗ ಮಾತ್ರ ಸ್ವರ ತಗ್ಗಿಸುತ್ತಾರೆ.

ಸೆವ್ರಿನಾ ಹೇಳುತ್ತಾಳೆ:
ಕಂಪ್ಯೂಟರು ಅಂದರೆ ಊರಿಗೇ ಅರ್ಥ ಆಗುತ್ತದೆ.
ಮೆಟಲರ್ಜಿ ಅಂದರೆ ಇಗರ್ಜಿಯ ಅಂಗಳದಲ್ಲಿ
ಪ್ರತಿ ಆದಿತ್ಯವಾರ ನಾನು ಬಿಡಿಸಿ ಹೇಳಬೇಕು.

ನಾನು ಪ್ರಯಾಣಿಕರಲ್ಲೇ ಕೇಳಿದೆ.
ಗುಡ್ಡದ ಹುಡುಗ ಇಯರ್‌ಫೋನು ತೆಗೆದು
"ಎರಡೂ ಒಳ್ಳೆಯದೇ ಅಂಕಲ್" ಎಂದು ಪುನಃ ತುರುಕಿಕೊಂಡ.
ಕಡಲ ಹುಡುಗಿ ನಕ್ಕಳು: "ಮೆಸ್ಸಿನ ಸಾರು ಒಂದು ಬಿಟ್ಟು ಬೇರೆ ಏನಾದರೂ ಕೇಳಿ."
ಬೇರೆ ಎಂತ ಕೇಳುವುದೆಂದು ತಿಳಿಯಲಿಲ್ಲ.
ಅಷ್ಟರಲ್ಲಿ ಮುಕ್ಕ ಬಂತು.

ರಾತ್ರಿ ಕೈ ತೊಳೆಯುವಾಗ
ಜೊವಿಟಾ ನನ್ನ ಬೆರಳು ಹಿಡಿದು ಮೂಸಿದಳು.
"ಪಪ್ಪಾ, ಇದು ನಾಣ್ಯದ ವಾಸನೆ ಅಲ್ಲ.
ಲೋಹಕ್ಕೆ ಇಂಥ ವಾಸನೆಯೇ ಇಲ್ಲವಂತೆ.
ನಿಮ್ಮದೇ ಚರ್ಮದ ಎಣ್ಣೆ, ನಾಣ್ಯ ಮುಟ್ಟಿ ಹೀಗಾಗುವುದು."
ಇಪ್ಪತ್ತೆರಡು ವರ್ಷ ನಾನು ಸೋಪು ಹಾಕಿ ತಿಕ್ಕಿದ್ದು
ಹಾಗಾದರೆ ಯಾರನ್ನು?

ಅವಳ ಮುಖ ನೋಡಿದೆ. ಉತ್ತರ ಅಲ್ಲೆಲ್ಲೋ ಇತ್ತು.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ನನಗೆ ಬೇಕಾದದ್ದು ಕಂಪ್ಯೂಟರೂ ಅಲ್ಲ, ಮೆಟಲರ್ಜಿಯೂ ಅಲ್ಲ,
ದಿನಾ ಬೆಳಿಗ್ಗೆ ಅವಳು ನನ್ನ ಬಸ್ಸಿನಲ್ಲಿ ಕೂರುವುದು.
ಅದಕ್ಕೆ ಎರಡೂ ಆಗುತ್ತದೆ.
ಹಾಸ್ಟೆಲು ಎಂಬುದೊಂದು ಉಂಟು ಅಂತ
ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಪಡುಬಿದ್ರಿಯಲ್ಲಿ
ಗುಡ್ಡಕ್ಕೆ ಹೋಗುವವರು ಕಡಲ ಬದಿ ನಿಲ್ಲಬೇಕು,
ಕಡಲಿಗೆ ಹೋಗುವವರು ಗುಡ್ಡದ ಬದಿ.
ರಸ್ತೆ ಇರುವುದೇ ಹಾಗೆ, ನಾನು ಮಾಡಿದ್ದಲ್ಲ.
ಇವತ್ತು ಏಳೂವರೆಗೆ, ಮಂಗಳೂರಿನಿಂದ ಬರುವ ಟ್ರಿಪ್ಪಿನಲ್ಲಿ,
ಬಾಗಿಲಿನ ಸರಳು ಹಿಡಿದು ದೂರದಿಂದಲೇ ನೋಡಿದೆ.
ಕಡಲ ಬದಿಯಲ್ಲಿ ಇಬ್ಬರು ನರ್ಸುಗಳು, ಒಂದು ಬೂತಾಯಿ ಬುಟ್ಟಿ.
ಡಿವೈಡರಿನ ಆಚೆ, ಫೈಲು ಎದೆಗೆ ಒತ್ತಿ,
ನನ್ನದಲ್ಲದ ಬಸ್ಸಿಗೆ ಕೈ ಚಾಚಿ
ಅವಳು.

ನರ್ಸುಗಳು ಹತ್ತಿದರು. ಬುಟ್ಟಿ ಹತ್ತಿತು.
"ಎಂತ ಸಿರಿಲ್, ವಿಸಿಲ್ ಎಲ್ಲಿ?" ಡ್ರೈವರು ವಾಮನಣ್ಣ.
ಬಾಯಲ್ಲಿದ್ದ ವಿಸಿಲ್ ತೆಗೆದು
ನಾಲ್ಕು ಲೇನಿನ ಮೇಲಿಂದ ಕೂಗಿದೆ:
"ಜೊವೀ, ಚಿಲ್ಲರೆ ಉಂಟಾ?"